ಟರ್ಕಿ ಸ್ಟಫಿಂಗ್

ಸ್ಟಫಿಂಗ್ ಎಂದರೆ ಟರ್ಕಿ ಕೋಳಿಯ ಹೊಟ್ಟೆಗೆ ತುಂಬಿ, ಕೋಳಿಯ ಜೊತೆಗೇ ಓವನ್ನಿನಲ್ಲಿ ಬೇಯಿಸುವ ಹೂರಣ. ಒಣಗಿಸಿದ ಬ್ರೆಡ್ಡು, ಈರುಳ್ಳಿ, ಸೆಲರಿ, ಬೆಣ್ಣೆ, ಸೇಜ್ ಸೊಪ್ಪು, ಕೋಳಿ ಬೇಯಿಸಿದ ನೀರು ಇದರ ಮೂಲ ಸಾಮಗ್ರಿ. ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಇದು ಇರಲೇಬೇಕು. ಬ್ರಿಟನ್ನಿನ ಕ್ರಿಸ್‌ಮಸ್ ಊಟದಲ್ಲೂ ಇದರ ಬಂಧುಗಳಿವೆ. ಬದನೆಕಾಯಿಗೆ ಮಸಾಲೆ ತುಂಬಿ ಎಣ್ಣೆಗಾಯಿ ಮಾಡುವವರಿಗೆ ಈ ಉಪಾಯ ಹೊಸದಲ್ಲ. ಆದರೆ ಇಲ್ಲಿ ಎಷ್ಟೋ ಜನಕ್ಕೆ ಹಬ್ಬದ ಕೋಳಿಗಿಂತ ಹೂರಣವೇ ಇಷ್ಟ.

ಹೊಟ್ಟೆ ತುಂಬಿಸಿ ಸುಡುವ ಕಲೆ ಹಳೆಯದು. ಅಪೀಸಿಯಸ್ ಹೆಸರಿನಲ್ಲಿ ಉಳಿದಿರುವ ರೋಮನ್ ಪಾಕಗ್ರಂಥದಲ್ಲಿ ಕೋಳಿಗೆ, ಹಂದಿಮರಿಗೆ, ಕೊನೆಗೆ ಡಾರ್ಮೌಸ್ ಎಂಬ ಇಲಿಯಂಥ ಪ್ರಾಣಿಗೂ ಹೂರಣ ತುಂಬುವ ಕ್ರಮವಿದೆ. ಇಂದಿನ ಅಮೆರಿಕನ್ ರೂಪ ಸ್ಪಷ್ಟವಾಗಿ ಕಾಣುವುದು 1796ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾದ ಅಮೆಲಿಯಾ ಸಿಮನ್ಸ್ ಅವರ ‘ಅಮೆರಿಕನ್ ಕುಕರಿ’ಯಲ್ಲಿ. ತುರಿದ ಗೋಧಿ ಬ್ರೆಡ್ಡು, ಬೆಣ್ಣೆ, ಉಪ್ಪು ಹಾಕಿದ ಹಂದಿಮಾಂಸ, ಮೊಟ್ಟೆ, ಮಾರ್ಜೋರಂ, ಸೇಜ್ ಎಲ್ಲವೂ ಅಲ್ಲಿವೆ. ಟರ್ಕಿಯ ಜೊತೆ ಕ್ರ್ಯಾನ್‌ಬೆರಿ ಬಡಿಸಬೇಕೆಂಬ ಸೂಚನೆಯೂ ಇದೆ.

ಮನೆಯಲ್ಲಿ ಮಾಡುವಾಗ ಕೈಕೊಡುವುದು ಹೆಚ್ಚಾಗಿ ಬ್ರೆಡ್ಡೇ. ‘ತಂಗಳು ಬ್ರೆಡ್ಡು ಹಾಕಿ’ ಎನ್ನುವುದು ವಾಡಿಕೆಯ ಮಾತು. ಅದು ಪೂರ್ತಿ ಸರಿಯಲ್ಲ. ತಂಗಳಾದ ಬ್ರೆಡ್ಡಿನಲ್ಲಿ ಪಿಷ್ಟ ಬಿಗಿದು ಗಟ್ಟಿಯಾಗಿರುತ್ತದೆ, ನೀರು ಮಾತ್ರ ಬಹುಪಾಲು ಒಳಗೇ ಉಳಿದಿರುತ್ತದೆ. ಬೇಕಾದದ್ದು ನೀರು ಕಳೆದುಕೊಂಡ ಬ್ರೆಡ್ಡು. ಸುಮಾರು 450 ಗ್ರಾಂ ಬ್ರೆಡ್ಡನ್ನು ಬೆರಳಗಲದ ಚೌಕಗಳಾಗಿ ಕತ್ತರಿಸಿ, 135 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಅವು ರಸ್ಕಿನಂತೆ ಗರಿಗರಿಯಾಗುತ್ತವೆ. ಆಮೇಲೆ ಅವು ಹೀರುವ ಸಾರಿನ ಪ್ರಮಾಣ ನೋಡಿದರೇ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ಬಾಣಲೆಯಲ್ಲಿ 100 ಗ್ರಾಂ ಬೆಣ್ಣೆ ಕರಗಿಸಿ, ಎರಡು ಈರುಳ್ಳಿ, ಮೂರು ನಾಲ್ಕು ಸೆಲರಿ ದಂಟು ಹೆಚ್ಚಿ ಹಾಕಿ, ಬಣ್ಣ ತಿರುಗದಂತೆ ಮೆತ್ತಗಾಗುವವರೆಗೆ ಬಾಡಿಸಬೇಕು. ಸೇಜ್, ಥೈಮ್, ಮೆಣಸಿನ ಪುಡಿ ಬೀಳುವುದು ಆಗ. ಬ್ರೆಡ್ಡಿಗೆ ಇದನ್ನು ಬೆರೆಸಿ, ಎರಡು ಮೊಟ್ಟೆ ಒಡೆದು ಹಾಕಿ, ಅರ್ಧ ಲೀಟರಿಗಿಂತ ತುಸು ಹೆಚ್ಚು ಸಾರನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು. ಮುಷ್ಟಿಯಲ್ಲಿ ಹಿಡಿದರೆ ಅಂಟಿಕೊಳ್ಳಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಸೇಜ್ ಕಟುವಾದ ಸೊಪ್ಪು. ಕೈ ತಡೆಯದಿದ್ದರೆ ಊಟಕ್ಕೆ ಔಷಧಿಯ ವಾಸನೆ ಬಂದೀತು.

ಇನ್ನು ಇದನ್ನು ಕೋಳಿಯೊಳಗೆ ತುಂಬಬೇಕೋ, ಬೇರೆ ತಟ್ಟೆಯಲ್ಲಿ ಬೇಯಿಸಬೇಕೋ ಎಂಬ ಜಗಳ. ಒಳಗೆ ತುಂಬಿದರೆ ಮಾಂಸದ ರಸ ಬ್ರೆಡ್ಡಿಗೆ ಇಳಿಯುತ್ತದೆ, ರುಚಿ ಅದರಿಂದಲೇ. ಆ ಹಸಿ ರಸದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಹೂರಣದ ನಟ್ಟನಡುವೆಯೂ 74 ಡಿಗ್ರಿ ಸೆಲ್ಸಿಯಸ್ ತಲುಪಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಶಾಖ ಕೊನೆಗೆ ಮುಟ್ಟುವ ಜಾಗವೇ ಅದು. ಅಲ್ಲಿ ಬೇಯುವಷ್ಟರಲ್ಲಿ ಎದೆಯ ಮಾಂಸ ಒಣಗಿ ನಾರಾಗಿರುತ್ತದೆ. ಇಲಾಖೆಯ ಲೆಕ್ಕದಲ್ಲಿ ಸುಮಾರು ಆರು ಕಿಲೋ ತೂಕದ ಖಾಲಿ ಟರ್ಕಿಗೆ 163 ಡಿಗ್ರಿಯಲ್ಲಿ ಮೂರರಿಂದ ಮೂರೂಮುಕ್ಕಾಲು ಗಂಟೆ, ತುಂಬಿದ್ದಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ. ಹಿಂದಿನ ರಾತ್ರಿಯೇ ತುಂಬಿಡುವುದು ಅಪಾಯ; ತುಂಬಿದ ಕೂಡಲೇ ಒಲೆಗೆ ಹೋಗಬೇಕು, ತುರುಕದೆ ಸಡಿಲವಾಗಿ ತುಂಬಬೇಕು. ಬೇರೆ ತಟ್ಟೆಯಲ್ಲಿ ಮಾಡುವವರಿಗೆ ಈ ತಾಪತ್ರಯವಿಲ್ಲ. ಮೇಲ್ಪದರ ಗರಿಗರಿಯಾಗುತ್ತದೆ, ತರಕಾರಿ ಬೇಯಿಸಿದ ನೀರು ಹಾಕಿ, ಮೊಟ್ಟೆ ಬಿಟ್ಟರೆ ಅಮೆರಿಕದಲ್ಲಿರುವ ಸಸ್ಯಾಹಾರಿ ಕನ್ನಡಿಗರೂ ಬಡಿಸಿಕೊಳ್ಳಬಹುದು.

ದಕ್ಷಿಣದ ರಾಜ್ಯಗಳಲ್ಲಿ ಇದರ ಹೆಸರು ‘ಡ್ರೆಸಿಂಗ್’, ಬ್ರೆಡ್ಡಿನ ಜಾಗದಲ್ಲಿ ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್. ಪೂರ್ವ ಕರಾವಳಿಯಲ್ಲಿ ಸಿಂಪಿ ಬೆರೆಸುತ್ತಾರೆ, ಲೂಸಿಯಾನಾದಲ್ಲಿ ಅನ್ನಕ್ಕೆ ಕೋಳಿಯ ಈಲಿ ಹಾಕುತ್ತಾರೆ. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ಮನೆಗಳಲ್ಲಿ ಆಲೂಗಡ್ಡೆ ಕಿವುಚಿ ಸೇರಿಸುವುದುಂಟು. ಮಿನೆಸೋಟಾದಲ್ಲಿ ಬಳಸುವ ವೈಲ್ಡ್ ರೈಸ್ ಹೆಸರಿಗಷ್ಟೇ ಅಕ್ಕಿ. ಕೆರೆಗಳಲ್ಲಿ ಬೆಳೆಯುವ ಹುಲ್ಲಿನ ಕಾಳದು, ಒಜಿಬ್ವೆ ಜನ ತಲೆತಲಾಂತರದಿಂದ ದೋಣಿಯಲ್ಲಿ ಹೋಗಿ ಕೊಯ್ದು ತರುವಂಥದ್ದು. ಚೀನೀ ಮೂಲದ ಕುಟುಂಬಗಳು ಅಂಟಕ್ಕಿ, ಅಣಬೆ, ಒಣ ಸಾಸೇಜ್ ತುಂಬುತ್ತವೆ.

ಪೆಟ್ಟಿಗೆಯ ಸ್ಟಫಿಂಗ್ ಬಂದದ್ದು 1972ರಲ್ಲಿ. ಜನರಲ್ ಫುಡ್ಸ್ ಕಂಪನಿಯಲ್ಲಿದ್ದ ಗೃಹವಿಜ್ಞಾನಿ ರೂತ್ ಸೀಮ್ಸ್ ರೂಪಿಸಿದ ‘ಸ್ಟೋವ್ ಟಾಪ್’ ಬಿಸಿನೀರಿನಲ್ಲಿ ಐದು ನಿಮಿಷಕ್ಕೆ ಸಿದ್ಧವಾಗುತ್ತಿತ್ತು. ಅದರ ಗುಟ್ಟು ಬ್ರೆಡ್ ಚೂರಿನ ಅಳತೆಯಲ್ಲಿತ್ತು: ತೀರಾ ಪುಡಿಯಾದರೆ ಗಂಜಿ, ದೊಡ್ಡದಾದರೆ ನೀರು ಹೀರದು. ಮನೆಯ ಚಾಕುವಿಗೂ ಇದೇ ಅಳತೆ ಅನ್ವಯಿಸುತ್ತದೆ.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ನಾಲ್ಕು ದಿನ ಇಡಬಹುದು. ಶುಕ್ರವಾರ ಬೆಳಿಗ್ಗೆ ಕಾವಲಿಯ ಮೇಲೆ ಬೆಣ್ಣೆ ಹಾಕಿ ಬಿಲ್ಲೆಯಾಗಿ ಒತ್ತಿ ಕೆಂಪಗೆ ಸುಟ್ಟು, ಮೇಲೊಂದು ಮೊಟ್ಟೆ ಒಡೆದು ತಿನ್ನುವವರು ಅದಕ್ಕಾಗಿಯೇ ಹಿಂದಿನ ದಿನ ಹೂರಣವನ್ನು ಒಂದು ಅಳತೆ ಹೆಚ್ಚೇ ಮಾಡಿರುತ್ತಾರೆ.