ಈಸೂರಿನ ಇತಿಹಾಸವೂ ಚಿತ್ರದ ಕಣ್ಣೂ



ಕತ್ತಲಗೆರೆಯ ಕಡೆಯಿಂದ ಹೊನ್ನಾಳಿಯನ್ನು ಹಾದು ಪಶ್ಚಿಮಕ್ಕೆ ಸಾಗಿದರೆ ಶಿಕಾರಿಪುರದ ಸೀಮೆ ತೊಡಗುತ್ತದೆ. ಆ ಸೀಮೆಯ ಈಸೂರು ನೇಗಿಲನ್ನೇ ನಂಬಿದ ಒಕ್ಕಲುಮಕ್ಕಳ ಗ್ರಾಮ. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂಬ ಘೋಷಣೆಯಿಂದ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಗಿದೆ. ಆಗಸ್ಟ್ ತಿಂಗಳು ಬಂದಿತೆಂದರೆ ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಈಸೂರನ್ನು ನೆನೆಯುತ್ತವೆ. ಇಂಥ ಊರಿನ ಕಥೆ ತೆರೆಯ ಮೇಲೆ ಬರಬೇಕೆಂಬ ಆಸೆ ಯಾರಿಗಾದರೂ ಹುಟ್ಟುವುದು ಸಹಜವೇ. ಆದರೆ ಚಿತ್ರದ ಕಣ್ಣು ಏನನ್ನು ಕಾಣಬೇಕು ಎಂಬುದನ್ನು ನಾವು ಮೊದಲು ವಿಚಾರಿಸಬೇಕಾಗಿದೆ.

1942ರ ಆಗಸ್ಟ್‌ನಲ್ಲಿ ಗಾಂಧೀಜಿಯವರು ‘ಭಾರತ ಬಿಟ್ಟು ತೊಲಗಿ’ ಎಂದು ಕರೆಕೊಟ್ಟರು. ಅದು ಮಹಾಯುದ್ಧದ ಕಾಲ. ರೈತನ ಬದುಕು ದುರ್ಭರವಾಗಿತ್ತು. ಆ ಕರೆಯನ್ನು ಈಸೂರಿನವರು ಅಕ್ಷರಶಃ ಸ್ವೀಕರಿಸಿದರು. ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ವೀರಭದ್ರ ದೇವಾಲಯದ ಮೇಲೆ ತ್ರಿವರ್ಣ ಧ್ವಜವೇರಿಸಿ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಶಾನುಭೋಗ, ಪಟೇಲರ ಬಳಿಯಿದ್ದ ಕಂದಾಯದ ಲೆಕ್ಕಪತ್ರಗಳನ್ನು ವಶಪಡಿಸಿಕೊಂಡರು. ಎಳೆಯ ಹುಡುಗರಿಬ್ಬರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಇದು ಮಕ್ಕಳಾಟವಲ್ಲ. ರೈತನಿಗೆ ದೊರೆತನವೆಂದರೆ ದೂರದ ಅರಮನೆಯಲ್ಲ, ತನ್ನ ಹೊಲದ ಲೆಕ್ಕ ಬರೆದಿಟ್ಟ ಪುಸ್ತಕ. ಆ ಪುಸ್ತಕವನ್ನು ಕೈಗೆತ್ತಿಕೊಂಡಾಗಲೇ ಅವನು ನಿಜವಾಗಿ ಸ್ವತಂತ್ರನಾದನು.

ಕೆಲವೇ ದಿನಗಳಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪೊಲೀಸರೊಡನೆ ಬಂದರು. ಅವರು ಗಾಂಧಿಟೋಪಿ ಧರಿಸಬೇಕೆಂದು ಜನ ಒತ್ತಾಯಿಸಿದರು. ಮಾತಿಗೆ ಮಾತು ಬೆಳೆದು ಘರ್ಷಣೆಯಾಯಿತು. ಆ ಇಬ್ಬರೂ ಪ್ರಾಣ ಕಳೆದುಕೊಂಡರು. ಅನಂತರ ದಂಡು ಬಂದಿತು. ಜನ ಊರು ತೊರೆದು ಕಾಡು ಸೇರಿದರು, ಮನೆಗಳು ಸೂರೆಹೋದವು. ವಿಚಾರಣೆ ನಡೆದು 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಊರಿನ ಹೆಣ್ಣುಮಕ್ಕಳೂ ಸೆರೆವಾಸ ಅನುಭವಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಈಸೂರು ಬ್ರಿಟಿಷರ ನೇರ ಆಳ್ವಿಕೆಯ ಪ್ರದೇಶದಲ್ಲಿರಲಿಲ್ಲ. ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅಂದು ಊರಿಗೆ ಬಂದವರು ಬಿಳಿಯರಲ್ಲ, ಸಂಸ್ಥಾನದ ನೌಕರಿಯಲ್ಲಿದ್ದ ನಮ್ಮ ನಾಡಿನವರೇ. ಮಡಿದ ಅಧಿಕಾರಿಗಳ ಮನೆಗಳಲ್ಲಿಯೂ ಕಣ್ಣೀರು ಹರಿಯಿತು. ಕೆಂಪು ಸಮವಸ್ತ್ರದ ಪರಕೀಯ ಸೈನ್ಯವನ್ನು ನಿಲ್ಲಿಸಿ ಹೊಡೆದಾಟ ತೋರಿಸಿದರೆ ನೋಟಕರಿಗೆ ರೋಮಾಂಚನವಾಗಬಹುದು; ಇತಿಹಾಸಕ್ಕೆ ಮಾತ್ರ ಅನ್ಯಾಯವಾಗುತ್ತದೆ. ಅಹಿಂಸೆಯ ಕರೆಗೆ ಓಗೊಟ್ಟ ಊರೊಂದು ಹಿಂಸೆಗೆ ಸಿಲುಕಿದ ದುರಂತ ಇದು. ಈ ದುಃಖವನ್ನು ಮರೆಮಾಚದೆ ಹೇಳಿದರೆ ಹುತಾತ್ಮರ ಹಿರಿಮೆ ಕುಂದುವುದಿಲ್ಲ.

ಕನ್ನಡ ಚಲನಚಿತ್ರಕ್ಕೆ ಹಳ್ಳಿಯ ಬದುಕನ್ನು ಚಿತ್ರಿಸುವ ಶಕ್ತಿಯಿಲ್ಲವೆನ್ನಲಾಗದು. 1972ರ ‘ಬಂಗಾರದ ಮನುಷ್ಯ’ ಬೇಸಾಯದ ಗೌರವವನ್ನು ಎತ್ತಿಹಿಡಿಯಿತು. 1974ರ ‘ಭೂತಯ್ಯನ ಮಗ ಅಯ್ಯು’ ಹಳ್ಳಿಯ ಹಗೆ, ಹಟಗಳನ್ನು ತೆರೆದಿಟ್ಟಿತು. ಅವೆರಡೂ ಕಾದಂಬರಿ, ಕಥೆಗಳನ್ನು ಆಧರಿಸಿದವು. ಈಸೂರಿನ ವಿಷಯ ಹಾಗಲ್ಲ. ಗಲ್ಲಿಗೇರಿದವರ ಬಂಧುಬಳಗ ಆ ನೆನಪಿನೊಡನೆ ಬಾಳಿಕೊಂಡು ಬಂದಿದೆ. ಅಲ್ಲಿ ಕಲ್ಪನೆಗಿಂತ ಸತ್ಯಕ್ಕೆ ಹೆಚ್ಚಿನ ಹೊಣೆಯಿದೆ.

ಆದುದರಿಂದ ಚಿತ್ರ ಮಾಡಹೊರಟವರು ಹುತಾತ್ಮರ ಸ್ಮಾರಕಕ್ಕೆ ಕೈಮುಗಿದು ಹಿಂದಿರುಗಿದರೆ ಸಾಲದು. ಉಳುವವರ ಜಗಲಿಯ ಮೇಲೆ ಕುಳಿತು, ಮುದುಕಿಯರ ಮಾತಿಗೆ ಕಿವಿಗೊಡಬೇಕು. ನ್ಯಾಯಾಲಯದ ಕಡತಗಳನ್ನು ಓದಬೇಕು. ಓದುಗರಾದ ನಿಮ್ಮಲ್ಲಿಯೂ ನಮ್ಮದೊಂದು ಕೋರಿಕೆ: ನಿಮ್ಮ ಊರಿನ ಹಿರಿಯರು ಕಂಡು ಕೇಳಿದ್ದನ್ನು ಇಂದೇ ಬರೆದಿಡಿರಿ. ಚಿತ್ರ ಬಂದೀತು, ಹೋದೀತು. ಬರೆದಿಟ್ಟ ಸತ್ಯ ಬೀಜದಂತೆ. ಕಣಜದಲ್ಲಿದ್ದರೆ ಮುಂದಿನ ಮಳೆಗೆ ಮೊಳೆತೀತು.