ಉಸಿರಿನ ಲೆಕ್ಕ ಇಟ್ಟವರ ಇತಿಹಾಸ

ಉರ್ದುವಿನಲ್ಲಿ ಉಸಿರಿಗೆ 'ದಮ್' ಎನ್ನುತ್ತೇವೆ. ಅದೇ ಮಾತು ಕನ್ನಡದಲ್ಲಿ 'ದಮ್ಮು' ಎಂಬ ಕಾಯಿಲೆಯ ಹೆಸರಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲಿ ಮಗು ತಿಂಗಳುಗಟ್ಟಲೆ ಕೆಮ್ಮಿದರೂ ಶೀತ, ಕಫ, ದಮ್ಮು ಎಂದು ಸುಮ್ಮನಾಗುವುದುಂಟು. ಉಸಿರನ್ನು ಅಳೆದು ಬರೆದಿಡಲು ಮನುಷ್ಯ ಕಲಿತದ್ದು ಹೇಗೆ, ಆ ಲೆಕ್ಕ ಮಗುವಿನ ಜೀವವನ್ನು ಹೇಗೆ ಕಾಯುತ್ತದೆ ಎಂಬುದನ್ನು ನೋಡೋಣ.

ಶ್ವಾಸಕೋಶದ ಅಧ್ಯಯನದಲ್ಲಿ ಮುಸ್ಲಿಂ ವಿದ್ವಾಂಸರ ಪಾಲು ದೊಡ್ಡದು. ಡಮಾಸ್ಕಸ್ ಸೀಮೆಯಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್-ನಫೀಸ್, ಹೃದಯದ ಬಲಭಾಗದ ರಕ್ತವು ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಹೋಗುತ್ತದೆಂದು 1242ರಲ್ಲೇ ಬರೆದರು. ಅವರ ಈ ಬರಹ ಬರ್ಲಿನ್ನಿನ ಗ್ರಂಥಾಲಯದಲ್ಲಿ ಮತ್ತೆ ಬೆಳಕಿಗೆ ಬಂದದ್ದು 1924ರಲ್ಲಿ. ಉಸಿರಿನ ಅಳತೆಯನ್ನು ವೈದ್ಯಕೀಯದ ಸಾಧನವಾಗಿಸಿದವರು ಲಂಡನ್ನಿನ ಜಾನ್ ಹಚಿನ್ಸನ್. ಅವರು 1846ರಲ್ಲಿ ಸ್ಪೈರೋಮೀಟರ್ ಬಗ್ಗೆ ಬರೆದು, ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದ ವಿವರ ಕೊಟ್ಟರು. ಎತ್ತರ ಹೆಚ್ಚಿದಂತೆ ಉಸಿರಿನ ಅಳತೆಯೂ ಹೆಚ್ಚುತ್ತದೆಂದು ತೋರಿಸಿದರು. 1947ರಲ್ಲಿ ಫ್ರಾನ್ಸಿನ ಟಿಫನೋ, ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯನ್ನು ಅಳೆಯುವ ಕ್ರಮ ತಂದರು.

ಇದೇ ಕಾಲದಲ್ಲಿ ಮಕ್ಕಳ ಒಂದು ಕಾಯಿಲೆ ಗುರುತಿಗೆ ಬಂತು. ನ್ಯೂಯಾರ್ಕಿನ ಡಾ. ಡೊರೊತಿ ಆಂಡರ್ಸನ್ 1938ರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ರೋಗವನ್ನು ವಿವರಿಸಿದರು. ಇದರಲ್ಲಿ ಕಫ ಅಂಟಿನಂತೆ ಗಟ್ಟಿಯಾಗಿ ಶ್ವಾಸನಾಳಗಳನ್ನು ಕಟ್ಟುತ್ತದೆ, ಸೋಂಕು ಮತ್ತೆ ಮತ್ತೆ ತಗಲುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತ ಸೆಕೆಯಾದಾಗ ಈ ಮಕ್ಕಳು ನಿತ್ರಾಣರಾಗಿ ಆಸ್ಪತ್ರೆ ಸೇರಿದರು. ಆ ಸುಳಿವು ಹಿಡಿದ ಡಾ. ದಿ ಸಾಂತ್ ಅನ್ಯೇಸೆ, ಇವರ ಬೆವರಿನಲ್ಲಿ ಉಪ್ಪು ಅತಿಯಾಗಿದೆ ಎಂದು 1953ರಲ್ಲಿ ತೋರಿಸಿದರು. 1959ರ ಹೊತ್ತಿಗೆ ಬೆವರಿನ ಪರೀಕ್ಷೆ ಸಿದ್ಧವಾಯಿತು. ಕಾರಣವಾದ ವಂಶವಾಹಿ 1989ರಲ್ಲಿ ಪತ್ತೆಯಾಯಿತು.

ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂದು ಭಾರತದಲ್ಲಿ ಬಹುಕಾಲ ಭಾವಿಸಲಾಗಿತ್ತು. 1960ರ ದಶಕದ ಕೊನೆಯಲ್ಲಿ ಇಲ್ಲಿನ ಮಕ್ಕಳಲ್ಲೂ ವರದಿಯಾಯಿತು. ಅಳೆಯದ ಕಡೆ ರೋಗವಿಲ್ಲ ಎನ್ನುವುದು ಸುಲಭ! ಇಂದು ದೆಹಲಿಯ ಏಮ್ಸ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜುಗಳಲ್ಲಿ ಇಂಥ ಮಕ್ಕಳಿಗೆ ಚಿಕಿತ್ಸೆಯಿದೆ.

ಈ ಮಕ್ಕಳು ಸುಮಾರು ಐದಾರು ವರ್ಷವಾದ ಮೇಲೆ ಆಸ್ಪತ್ರೆಗೆ ಹೋದಾಗಲೆಲ್ಲ ಸ್ಪೈರೋಮೀಟರ್ ಊದುತ್ತಾರೆ. ಬಂದ ಅಂಕಿಯನ್ನು ಅದೇ ವಯಸ್ಸು, ಎತ್ತರದ ಆರೋಗ್ಯವಂತ ಮಕ್ಕಳ ಅಂಕಿಯೊಂದಿಗೆ ಹೋಲಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಆ ಮಗುವಿನದೇ ಹಿಂದಿನ ಅಂಕಿಯೊಂದಿಗೆ ಹೋಲಿಕೆ. ಶೇಕಡಾ 10ರಷ್ಟು ಇಳಿದರೆ, ಮಗು ಆಡಿಕೊಂಡಿದ್ದರೂ ವೈದ್ಯರು ಎಚ್ಚರಗೊಳ್ಳುತ್ತಾರೆ. ಕಫ ತೆಗೆಸುವ ವ್ಯಾಯಾಮ, ಸೋಂಕಿನ ಔಷಧಿ ಬೇಗ ಶುರುವಾಗುತ್ತದೆ. ಹಳೆಯ ಚೀಟಿ ಕಳೆದುಹೋದರೆ ಇಳಿದದ್ದು ತಿಳಿಯುವುದೇ ಇಲ್ಲ.

ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬಂದಾಗ ಮಾತ್ರ ಈ ರೋಗ ಬರುತ್ತದೆ. ಸಂಬಂಧದೊಳಗಿನ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಇದು ನಮ್ಮಲ್ಲೂ ಇದೆ, ಸೋದರಮಾವನಿಗೆ ಹೆಣ್ಣು ಕೊಡುವ ನೆರೆಯವರಲ್ಲೂ ಇದೆ. ಯಾರನ್ನೂ ದೂರಲು ಈ ಮಾತಲ್ಲ. ಮನೆಯಲ್ಲಿ ಹಿಂದೆ ಮಕ್ಕಳು ಎದೆಯ ಕಾಯಿಲೆಯಿಂದ ತೀರಿಕೊಂಡಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ. ಮುದ್ದು ಕೊಟ್ಟಾಗ ಮಗುವಿನ ಚರ್ಮ ಉಪ್ಪುಪ್ಪಾಗಿದ್ದರೆ, ತೂಕ ಏರದೆ ಕೆಮ್ಮು ಬಿಡದಿದ್ದರೆ ಬೆವರಿನ ಪರೀಕ್ಷೆಯ ಬಗ್ಗೆ ಕೇಳಿ. ಅರಕಲಗೂಡಿನ ಕಡೆಯ ತಂಬಾಕು ಬ್ಯಾರನ್ನಿನ ಹೊಗೆ, ಒಲೆಯ ಹೊಗೆ, ಬೀಡಿಯ ಹೊಗೆಯಿಂದ ಅಂಥ ಮಗುವನ್ನು ದೂರವಿಡಿ.

ವಿದ್ಯಾರ್ಥಿಗಳೇ, ದಾಖಲೆಯಿಲ್ಲದೆ ಇತಿಹಾಸವಿಲ್ಲ ಎಂದು ತರಗತಿಯಲ್ಲಿ ಓದುತ್ತೀರಿ. ಮನೆಯಲ್ಲಿ ಅಮ್ಮಿಗೆ ಓದುಬರಹ ಬಾರದಿದ್ದರೆ, ತಮ್ಮ ತಂಗಿಯರ ಆಸ್ಪತ್ರೆ ಚೀಟಿಗಳನ್ನು ತಾರೀಖಿನಂತೆ ಒಂದು ಫೈಲಿನಲ್ಲಿ ಜೋಡಿಸಿಡುವ ಕೆಲಸ ನಿಮ್ಮದಾಗಲಿ.