ಎರಡನೆಯ ವಿಮಾನ

ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸಿದವರಿಗೆಲ್ಲ ಬಾಲಂಗೋಚಿಯ ಬೆಲೆ ಗೊತ್ತು. ಹಳೆಯ ಸೀರೆಯ ಆ ಚಿಂದಿ ನೋಡುವುದಕ್ಕೆ ಏನೂ ಅಲ್ಲ; ಆದರೆ ಅದಿಲ್ಲದಿದ್ದರೆ ಪಟ ಗಿರಿಗಿರಿ ಸುತ್ತಿ ನೆಲಕ್ಕೆ ಬಡಿಯುತ್ತದೆ. ಬಾಲಂಗೋಚಿ ಉದ್ದವಾದಷ್ಟೂ ಪಟ ನಿಶ್ಚಿಂತ, ಅಷ್ಟೇ ಜಡ. ನಮ್ಮ ಬಾಲ್ಯದಲ್ಲಿ ಕೈ ಪಳಗಿದ ದೊಡ್ಡ ಹುಡುಗರು ಒಂದು ದಿನ ಅದನ್ನು ಕಿತ್ತೆಸೆದು, ಬೋಳುಪಟವನ್ನು ದಾರದ ಸನ್ನೆಯೊಂದರಿಂದಲೇ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು. ಚಿಕ್ಕವರಾದ ನಾವು ಬಾಯಿ ತೆರೆದು ನೋಡುತ್ತಿದ್ದೆವು. ಈ ಸಂಜೆ ನಾನು ಹೇಳಹೊರಟಿರುವುದು ಒಂದು ಬಗೆಯಲ್ಲಿ ಆ ಬಾಲಂಗೋಚಿಯ ಚರಿತ್ರೆಯೇ.

ಪ್ರಸಂಗ ಹುಟ್ಟಿದ್ದು ಮನೆಯಲ್ಲಿ. ನನ್ನ ಮೊಮ್ಮಗ ಹದಿನಾರರ ಹುಡುಗ. ನೆಲದ ಮೇಲೆ ನಿಂತು ರೇಡಿಯೋ ಅಲೆಗಳಿಂದ ನಡೆಸುವ ಪುಟ್ಟ ವಿಮಾನವೊಂದನ್ನು ಒಂದು ವರ್ಷದಿಂದ ಊರ ಹೊರಗಿನ ಬಯಲಿನಲ್ಲಿ ಹಾರಿಸುತ್ತಿದ್ದಾನೆ. ಅದು ಕಲಿಯುವವರಿಗೆಂದೇ ಮಾಡಿದ ವಿಮಾನ, ಟ್ರೈನರ್ ಎನ್ನುತ್ತಾರೆ. ಒಂದು ದಿನ ಬಂದು, "ತಾತ, ಇದು ನನ್ನ ಮಾತೇ ಕೇಳೋದಿಲ್ಲ. ತಾನೇ ಹಾರಿಕೊಳ್ಳುತ್ತೆ. ನನಗೆ ಇನ್ನೊಂದು ಬೇಕು" ಎಂದ. ಯಾವುದು ಎಂದರೆ, ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ಕಾಳಗದ ವಿಮಾನದ ಪ್ರತಿಕೃತಿ. ಅವನಪ್ಪ ಕೂಡದೆಂದ. ದುಡ್ಡು ನನ್ನ ಪಿಂಚಣಿಯಿಂದ ಬರಬೇಕಾದುದರಿಂದ ತೀರ್ಪೂ ನನ್ನ ಪಾಲಿಗೆ ಬಂತು. ನಾನು ಹಳಗನ್ನಡ ಪಾಠ ಹೇಳಿದವನು. ವಿಮಾನದ ವಿಷಯದಲ್ಲಿ ನನಗೆ ತಿಳಿದುದು ಪುಷ್ಪಕದಿಂದ ಈಚೆಗೆ ಬಂದಿರಲಿಲ್ಲ. ಒಂದು ತಿಂಗಳು ಗಡುವು ಕೇಳಿ, ಓದಲು ಕುಳಿತೆ. ಓದುತ್ತ ಹೋದಂತೆ, "ತಾನೇ ಹಾರಿಕೊಳ್ಳುತ್ತೆ" ಎಂಬ ಹುಡುಗನ ದೂರು ವಿಮಾನದ ಇತಿಹಾಸದಲ್ಲಿ ಬಹು ಹಳೆಯದೊಂದು ವ್ಯಾಜ್ಯವೆಂದು ತಿಳಿಯಿತು.

1871ರ ಆಗಸ್ಟ್ 18. ಪ್ಯಾರಿಸ್ ನಗರದ ತ್ವಿಲರಿ ಉದ್ಯಾನದಲ್ಲಿ ಅಲ್ಫೋನ್ಸ್ ಪೆನೋ ಎಂಬ ಇಪ್ಪತ್ತೊಂದರ ತರುಣ ಒಂದು ಆಟಿಕೆಯನ್ನು ಗಾಳಿಗೆ ಬಿಟ್ಟ. ಕಡ್ಡಿಯಂಥ ಮೈ, ಹುರಿಗೊಳಿಸಿದ ರಬ್ಬರಿನ ಎಳೆ, ಆ ಹುರಿ ಬಿಚ್ಚಿಕೊಳ್ಳುವಾಗ ತಿರುಗುವ ಒಂದು ಪಂಕ. ಅದು 11 ಸೆಕೆಂಡುಗಳ ಕಾಲ, ಸುಮಾರು 40 ಮೀಟರು ಹಾರಿತು. ನಡೆಸುವವರಿಲ್ಲದೆ ಅದು ನೆಟ್ಟಗೆ ಹಾರಿದ್ದೇ ಆಶ್ಚರ್ಯ. ಪೆನೋ ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿದ್ದ. ಹಿಂದೆ ಒಂದು ಚಿಕ್ಕ ಬಾಲವನ್ನು ರೆಕ್ಕೆಗಿಂತ ತುಸು ತಗ್ಗಿದ ಕೋನದಲ್ಲಿ ಕೂರಿಸಿದ್ದ. ವಿಮಾನ ಒಂದು ಮಗ್ಗುಲಿಗೆ ವಾಲಿದರೆ ಆ ಕಡೆಗೇ ಜಾರುತ್ತದೆ. ಜಾರುವಾಗ ಕೆಳಗಿನ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗಿ ಅದನ್ನು ಮೇಲೆತ್ತುತ್ತದೆ. ಮೂತಿ ಎದ್ದರೆ ಬಾಲ ಅದನ್ನು ತಗ್ಗಿಸುತ್ತದೆ, ಬಿದ್ದರೆ ಎತ್ತುತ್ತದೆ. ಗಾಳಿಪಟದ ಬಾಲಂಗೋಚಿ ಮಾಡುವ ಉಪಕಾರವನ್ನು ಇಲ್ಲಿ ರೆಕ್ಕೆಯ ರೂಪವೇ ಮಾಡುತ್ತದೆ. ಮನುಷ್ಯರನ್ನು ಹೊರುವ ವಿಮಾನದ ಕನಸು ಕಂಡ ಪೆನೋ ಬೆಂಬಲ ದೊರೆಯದೆ ಮನಸ್ಸು ಮುರಿದು, 1880ರಲ್ಲಿ, ಮೂವತ್ತರ ಹರೆಯದಲ್ಲಿ ತಾನೇ ಪ್ರಾಣ ಕಳೆದುಕೊಂಡ. ಆದರೆ ಇಂದಿಗೂ ಲೋಕದ ಯಾವ ಅಂಗಡಿಯಲ್ಲಿ ಟ್ರೈನರ್ ಕೊಂಡರೂ ಅದರ ಮೇಲ್ಬಾಗಿದ ರೆಕ್ಕೆಯಲ್ಲಿ ಪೆನೋ ಇದ್ದಾನೆ.

ಕಾಲ ಒಮ್ಮೊಮ್ಮೆ ಕವಿಯ ಹಾಗೆ ಪ್ರಾಸ ಕೂಡಿಸುತ್ತದೆ. ಪೆನೋನ ಆಟಿಕೆ ಹಾರಿದ ಮರುದಿನವೇ, ಆಗಸ್ಟ್ 19ರಂದು, ಅಮೆರಿಕದ ಡೇಟನ್ ಊರಿನಲ್ಲಿ ಆರ್ವಿಲ್ ರೈಟ್ ಹುಟ್ಟಿದ. ಅವನಿಗೆ ಏಳು, ಅಣ್ಣ ವಿಲ್ಬರನಿಗೆ ಹನ್ನೊಂದು ವರ್ಷವಾಗಿದ್ದಾಗ ತಂದೆ ತಂದುಕೊಟ್ಟ ಆಟದ ಸಾಮಾನು ಪೆನೋನ ಮಾದರಿಯದೇ ಆದ ರಬ್ಬರಿನ ಹೆಲಿಕಾಪ್ಟರು. ಆದರೆ ದೊಡ್ಡವರಾದ ಮೇಲೆ ಈ ಸೋದರರು ಹಿಡಿದ ದಾರಿ ಪೆನೋನದಲ್ಲ. ಅವರು ಸೈಕಲ್ ಕಟ್ಟಿ ಮಾರುತ್ತಿದ್ದವರು. ಸೈಕಲ್ಲು ತಾನಾಗಿ ನಿಲ್ಲುವ ವಾಹನವಲ್ಲ. ಏರಿದವನು ಕ್ಷಣಕ್ಷಣವೂ ಅದನ್ನು ಬೀಳದಂತೆ ನೋಡಿಕೊಳ್ಳಬೇಕು. ವಿಮಾನವೂ ಹಾಗೆಯೇ ಸವಾರನ ಕೈಯಲ್ಲಿರಬೇಕೆಂದು ಅವರು ಬಗೆದರು. 1903ರ ಡಿಸೆಂಬರ್ 17ರಂದು ಹಾರಿದ ಅವರ ಯಂತ್ರದ ರೆಕ್ಕೆಗಳು ಮೇಲಕ್ಕಲ್ಲ, ತುಸು ಕೆಳಕ್ಕೆ ಬಾಗಿದ್ದುವು. ಏರಿಳಿಸುವ ಪಟ್ಟಿಯನ್ನು ಹಿಂದೆ ಬಾಲದಲ್ಲಿಡದೆ ಮುಂದುಗಡೆ ಇಟ್ಟಿದ್ದರು. ರೆಕ್ಕೆಯನ್ನೇ ತಿರುಚಿ ಮಗ್ಗುಲು ಬದಲಿಸುವ ಉಪಾಯ ಅವರದು.

ಅದೇ ವರ್ಷ ಎದುರುಪಕ್ಷ ಸೋತಿತ್ತೆಂಬುದನ್ನೂ ನೆನೆಯಬೇಕು. ವಿದ್ವಾಂಸನಾದ ಸ್ಯಾಮ್ಯುಯೆಲ್ ಲ್ಯಾಂಗ್ಲೆ 1896ರಲ್ಲಿ ಉಗಿಯಂತ್ರದ, ಸವಾರನಿಲ್ಲದ ಒಂದು ದೊಡ್ಡ ಮಾದರಿಯನ್ನು ಪೊಟೊಮ್ಯಾಕ್ ನದಿಯ ಮೇಲೆ 3,000 ಅಡಿಗಿಂತಲೂ ದೂರ ಹಾರಿಸಿದ್ದ. ಅದೂ ತಾನಾಗಿ ನೆಟ್ಟಗಿರುವ ಜಾತಿ. ಅದನ್ನೇ ಹಿಗ್ಗಿಸಿ ಮನುಷ್ಯನನ್ನು ಕೂರಿಸಿದಾಗ, 1903ರ ಅಕ್ಟೋಬರಿನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ನೇರ ನೀರಿಗೆ ಬಿತ್ತು. ಸೋಲಿಗೆ ಕಾರಣಗಳು ಹಲವು. ಆದರೆ ಅದರಲ್ಲಿ ಕುಳಿತವನು ಸವಾರನೆನ್ನುವುದಕ್ಕಿಂತ ಸಾಮಾನಿನ ಮೂಟೆಯಂತಿದ್ದನೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಹಾಗೆಂದು ರೈಟ್ ಸೋದರರು ಬಾಲಂಗೋಚಿ ಕಿತ್ತದ್ದಕ್ಕೆ ಸುಂಕ ತೆರದೆ ಇರಲಿಲ್ಲ. 1904ರಲ್ಲಿ ಕಟ್ಟಿದ ಎರಡನೆಯ ವಿಮಾನ ಮೊದಲನೆಯದರ ಪಡಿಯಚ್ಚಿನಂತಿತ್ತು. ಅದೇ ಮೊಂಡಾಟ, ಕುದುರೆಯಂತೆ ಮೂತಿ ಎತ್ತಿ ಇಳಿಸುವ ಅದೇ ಚಾಳಿ. 1905ರ ಜುಲೈಯಲ್ಲಿ ಮೂರನೆಯದು ನೆಲಕ್ಕೆ ಬಡಿದಾಗ ಆರ್ವಿಲ್ ಉಳಿದುದೇ ಹೆಚ್ಚು. ಆಮೇಲೆ ಮುಂದಿನ ಪಟ್ಟಿಯನ್ನು ದೊಡ್ಡದು ಮಾಡಿ, ಇನ್ನಷ್ಟು ಮುಂದಕ್ಕೆ ಚಾಚಿದರು. ಆ ಅಕ್ಟೋಬರ್ 5ರಂದು ಅದೇ ವಿಮಾನ ವಿಲ್ಬರನನ್ನು ಹೊತ್ತು 24 ಮೈಲಿ ಸುತ್ತಿತು. ಪೂರ್ಣ ಸ್ವಾತಂತ್ರ್ಯವೂ ಅಲ್ಲ, ಪೂರ್ಣ ಸ್ಥಿರತೆಯೂ ಅಲ್ಲ. ನಡುವೆ ಎಲ್ಲೋ ಒಂದು ಬಿಂದು. ಎರಡನೆಯ ವಿಮಾನವನ್ನು ಆರಿಸುವವನು ಹುಡುಕಬೇಕಾದುದು ಈ ಬಿಂದುವನ್ನೇ.

ಈಗ ಪುಟ್ಟ ವಿಮಾನಗಳಿಗೆ ಬರೋಣ. ಮಿಶಿಗನ್ ಪ್ರಾಂತದ ಕಲಮಜೂ ಎಂಬ ಊರಿನ ಅವಳಿ ಸೋದರರು ವಾಲ್ಟರ್ ಮತ್ತು ವಿಲಿಯಮ್ ಗುಡ್. ಇವರು 1937ರಲ್ಲಿ 'ಗಫ್' ಎಂಬ, 8 ಅಡಿ ಅಗಲದ ರೆಕ್ಕೆಯ ವಿಮಾನವನ್ನು ರೇಡಿಯೋ ಸನ್ನೆಯಿಂದ ನಡೆಸಿದರು. ಮರುವರ್ಷ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದರು. ಆ ವಿಮಾನ ಈಗ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಆದರೆ ಅಂದಿನ ಸನ್ನೆಗಳು ಎಷ್ಟು ಬಡವೆಂದರೆ, ಮುಂದೆ ಎಷ್ಟೋ ವರ್ಷ ಸಾಮಾನ್ಯ ಹವ್ಯಾಸಿಯ ವಿಮಾನದಲ್ಲಿ ಚುಕ್ಕಾಣಿಯೊಂದೇ ಅಲುಗಾಡುತ್ತಿತ್ತು. ಗುಂಡಿ ಒತ್ತಿದರೆ ಬಲಕ್ಕೆ, ಬಿಟ್ಟರೆ ನಡುವಿಗೆ, ಮತ್ತೆ ಒತ್ತಿದರೆ ಎಡಕ್ಕೆ. ಎಷ್ಟು ತಿರುಗಬೇಕೆಂದು ಹೇಳುವ ಹಾಗಿಲ್ಲ. ತಿರುಗಿದರೆ ಪೂರ್ತಿ ತಿರುಗಬೇಕು. ಹೀಗಿರುವಾಗ ವಿಮಾನ ತನ್ನನ್ನು ತಾನು ನೋಡಿಕೊಳ್ಳದೆ ಗತಿಯಿಲ್ಲ. ಆದುದರಿಂದ ಆ ಕಾಲದ ವಿಮಾನಗಳೆಲ್ಲ ಪೆನೋನ ಮಕ್ಕಳು: ಎತ್ತರದಲ್ಲಿ ಕೂತ, ಮೇಲಕ್ಕೆ ಬಾಗಿದ ರೆಕ್ಕೆಗಳವು. ಮನುಷ್ಯ ಅಪ್ಪಣೆ ಕೊಡುತ್ತಿರಲಿಲ್ಲ, ಅರಿಕೆ ಮಾಡಿಕೊಳ್ಳುತ್ತಿದ್ದ. ಎಲ್ಲವೂ ಟ್ರೈನರುಗಳೇ ಆಗಿದ್ದಾಗ ಎರಡನೆಯದು ಯಾವುದೆಂಬ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ.

1950ರ ದಶಕದಲ್ಲಿ ರೀಡುಗಳು ಬಂದುವು. ನಮ್ಮ ಹಾರ್ಮೋನಿಯಂ ಬಲ್ಲವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ವಿಮಾನದೊಳಗೆ ಬೇರೆಬೇರೆ ಉದ್ದದ ಉಕ್ಕಿನ ನಾಲಗೆಗಳ ಒಂದು ಸಾಲು. ನೆಲದಿಂದ ಕಳಿಸಿದ ಸ್ವರಕ್ಕೆ ಆಯಾ ನಾಲಗೆ ಮಾತ್ರ ಮಿಡಿದು, ಆಯಾ ಅಂಗವನ್ನು ಅಲುಗಿಸುತ್ತಿತ್ತು. ಒಂದು ಸ್ವರಕ್ಕೆ ಚುಕ್ಕಾಣಿ, ಇನ್ನೊಂದಕ್ಕೆ ಎಂಜಿನು, ಮತ್ತೊಂದಕ್ಕೆ ರೆಕ್ಕೆಯಂಚಿನ ಏಲೆರಾನ್ ಪಟ್ಟಿಗಳು. ಶ್ರುತಿ ಕೆಟ್ಟರೆ ವಿಮಾನವೂ ಕೆಟ್ಟಿತು. 1960ರಲ್ಲಿ ಮೊದಲ ವಿಶ್ವ ಸ್ಪರ್ಧೆಯನ್ನು ಗೆದ್ದ ಎಡ್ ಕಾಜ್ಮಿರ್ಸ್ಕಿಯ 'ಓರಿಯನ್' ಈ ಬಗೆಯದು. ರೆಕ್ಕೆ ಮೈಯ ಕೆಳಗಿತ್ತು. ಅದೇ ದಶಕದಲ್ಲಿ ಕೈಯ ಚಲನೆಗೆ ತಕ್ಕ ಪ್ರಮಾಣದಲ್ಲೇ ಪಟ್ಟಿಗಳು ಚಲಿಸುವ ಉಪಕರಣ ಬಂತು. ಒಂದು ಕೂದಲೆಳೆಯಷ್ಟು ಸರಿಸಿದರೆ ಅಲ್ಲೂ ಕೂದಲೆಳೆಯಷ್ಟೇ. ಇನ್ನು ವಿಮಾನ ತಾನಾಗಿ ಹಾರಬೇಕಾದ ಅಗತ್ಯ ಉಳಿಯಲಿಲ್ಲ. ಕಲಿಯುವವನ ವಿಮಾನ, ಕಲಿತವನ ವಿಮಾನ ಎಂದು ವಂಶ ಎರಡಾಗಿ ಒಡೆಯಿತು.

ಒಡೆದ ಎರಡರ ನಡುವೆ ಸೇತುವೆ ಬೇಕಾಯಿತು. ಅಂಥ ಸೇತುವೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಫಿಲ್ ಕ್ರಾಫ್ಟ್ ಎಂಬಾತ 1960ರ ದಶಕದಲ್ಲಿ ಮಾಡಿದ 'ಅಗ್ಲಿ ಸ್ಟಿಕ್'. ಕುರೂಪದ ಕೋಲು ಎಂದೇ ಅದರ ಹೆಸರು! ಕ್ರಾಫ್ಟ್ ಸಾಮಾನ್ಯನಲ್ಲ; ರೇಡಿಯೋ ಉಪಕರಣ ತಯಾರಿಸುತ್ತಿದ್ದವನು, 1967ರ ವಿಶ್ವ ವಿಜೇತ. ಆದರೂ ಅವನ ಹೆಸರನ್ನು ಊರೂರಿಗೆ ಒಯ್ದದ್ದು ಈ ಪೆಟ್ಟಿಗೆಯಂಥ ವಿಮಾನ. ಹಲಗೆಯ ಹಾಗೆ ಬುಡದಿಂದ ತುದಿಯವರೆಗೆ ಒಂದೇ ಅಗಲದ ದಪ್ಪ ರೆಕ್ಕೆ, ಮೇಲ್ಬಾಗು ಇಲ್ಲವೆನ್ನುವಷ್ಟು ಕಡಿಮೆ, ಅಗಲವಾದ ಏಲೆರಾನ್‌ಗಳು. ಟ್ರೈನರಿನ ರೆಕ್ಕೆಯ ತಳ ಚಪ್ಪಟೆ; ಎಂಜಿನಿಗೆ ಬಿರುಸು ಕೊಟ್ಟರೆ ಕೇಳದೆಯೇ ಮೇಲೇರುತ್ತದೆ, ಕೈ ಬಿಟ್ಟರೆ ನೆಟ್ಟಗಾಗುತ್ತದೆ. ಈ ಕೋಲಿನ ರೆಕ್ಕೆ ಮೇಲೆ ಕೆಳಗೆ ಸಮನಾಗಿ ಉಬ್ಬಿದ್ದು. ವಾಲಿಸಿದರೆ ವಾಲಿಯೇ ಇರುತ್ತದೆ, ಮಗುಚಿದರೆ ಮಗುಚಿಯೇ ಹಾರುತ್ತದೆ. ಆದರೆ ವೇಗ ತಗ್ಗಿದಾಗ ಥಟ್ಟನೆ ಕೈ ಕೊಡುವುದಿಲ್ಲ. ಸ್ವಾತಂತ್ರ್ಯವುಂಟು, ದ್ರೋಹವಿಲ್ಲ. ಮುಂದೆ ಎರಡನೆಯ ವಿಮಾನವೆಂದು ಹೆಸರಾದ ಸಿಗ್ ಕಂಪೆನಿಯ 'ಫೋರ್ ಸ್ಟಾರ್' ರೆಕ್ಕೆಯನ್ನು ಮೈಯ ಕೆಳಗಿಳಿಸಿಕೊಂಡಿತು. ಆದರೆ ಗುಣದಲ್ಲಿ ಇದೇ ಬಳಗದ್ದು.

ಹಾಗಾದರೆ ಸ್ಪಿಟ್‌ಫೈರ್ ಏಕೆ ಬೇಡ? ಇಲ್ಲಿ ನಾನು ಹುಡುಗನ ಪಕ್ಷವನ್ನು ಹಗುರವಾಗಿ ಕಾಣುವವನಲ್ಲ. ಆ ರೆಕ್ಕೆಯ ದೀರ್ಘವೃತ್ತದ ಅಂಚು ಕಂಡು ಮನಸೋಲದವನು ರಸಿಕನೇ ಅಲ್ಲ. ಆದರೆ ವಿಮಾನವನ್ನು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲಾಗದು. ತುದಿಯಲ್ಲಿ ಸಪೂರವಾಗುವ ರೆಕ್ಕೆ ಆಟಿಕೆಯ ಅಳತೆಗೆ ಬಂದಾಗ ಅದರ ತುದಿ ಕೆಲವೇ ಅಂಗುಲ ಅಗಲವಾಗಿ, ಆ ಕಿರಿದಾದ ಅಂಚಿನಲ್ಲಿ ಗಾಳಿಯ ಹಿಡಿತ ಬೇಗ ಕಳಚುತ್ತದೆ. ಯುದ್ಧವಿಮಾನದ ಪ್ರತಿಕೃತಿಗಳು ರೆಕ್ಕೆಯ ವಿಸ್ತಾರಕ್ಕೆ ಹೋಲಿಸಿದರೆ ಸಾಮಾನ್ಯವಾಗಿ ಭಾರ; ಮೆಲ್ಲಗೆ ಹಾರಲಾರವು. ಇಳಿಸುವ ಹೊತ್ತು, ಕಲಿಯುವವನು ಹೆದರಿ ವೇಗ ತಗ್ಗಿಸುವ ಹೊತ್ತು, ಒಂದು ರೆಕ್ಕೆ ಎಚ್ಚರಿಕೆಯಿಲ್ಲದೆ ಕುಸಿಯುತ್ತದೆ. ಅದು ಕುಸಿಯುವುದು ನೆಲದ ಹತ್ತಿರ, ಸರಿಪಡಿಸಲು ಎಡೆಯಿಲ್ಲದಲ್ಲಿ. ಮೇಲಾಗಿ ಚಕ್ರಗಳು ಇಕ್ಕಟ್ಟಾಗಿ ಜೋಡಿಸಿದವು. ನೆಲ ಮುಟ್ಟಿದ ಮೇಲೂ ಮಗುಚುವ ಭಯ. ಹುಡುಗನ ಗೆಳೆಯನೊಬ್ಬ ಟ್ರೈನರಿನಿಂದ ನೇರವಾಗಿ ಅಂಥ ಮಸ್ಟಾಂಗಿಗೆ ಜಿಗಿದಿದ್ದ. ಹಾರಿದ್ದು ಎರಡು ನಿಮಿಷವಂತೆ. ಆಮೇಲೆ ಅವನು ಬಯಲಿನ ಕಡೆಗೇ ಬರುವುದನ್ನು ಬಿಟ್ಟ. ಮುರಿದ ವಿಮಾನಕ್ಕಿಂತ ಇದು ನನಗೆ ದೊಡ್ಡ ನಷ್ಟವಾಗಿ ಕಂಡಿತು. ಹಳಗನ್ನಡದ ಮೊದಲ ವರ್ಷದಲ್ಲೇ ಚಂಪೂಕಾವ್ಯದ ಬಿಗಿಗೆ ಸಿಕ್ಕಿ ಕನ್ನಡವನ್ನೇ ಬಿಟ್ಟುಹೋದ ಕೆಲವರು ವಿದ್ಯಾರ್ಥಿಗಳು ನನಗೆ ನೆನಪಿಗೆ ಬಂದರು. ಅವರಿಗೆ ಮೊದಲು ವಡ್ಡಾರಾಧನೆಯ ಗದ್ಯ ಓದಿಸಬೇಕಾಗಿತ್ತು.

ನಿಜವಾದ ವಿಮಾನಗಳ ಲೋಕದಲ್ಲಿ ಈ ಮೆಟ್ಟಿಲುಗಳನ್ನು ಸರಕಾರಗಳೇ ಕಟ್ಟಿಸುತ್ತವೆ. ನಮ್ಮ ಬೆಂಗಳೂರಿನಲ್ಲೇ ಹಿಂದೂಸ್ತಾನ್ ಕಾರ್ಖಾನೆಯವರು ಮೊದಲ ಹಂತದ ತರಬೇತಿಗೆಂದು ಘಾಟಗೆಯವರ ನೇತೃತ್ವದಲ್ಲಿ ರಚಿಸಿದ ಎಚ್.ಟಿ.-2 ವಿಮಾನ 1951ರಲ್ಲಿ ಹಾರಿತು. ಮುಂದಿನ ಮೆಟ್ಟಿಲಿಗೆ ಜೆಟ್ ಎಂಜಿನಿನ 'ಕಿರಣ್' 1964ರಲ್ಲಿ. ಕಿರಣ್‌ನಲ್ಲಿ ಗುರುಶಿಷ್ಯರು ಅಕ್ಕಪಕ್ಕ ಕೂರುತ್ತಾರೆ. ಪುಟ್ಟ ವಿಮಾನದವನಿಗೆ ಆ ಭಾಗ್ಯವಿಲ್ಲ. ಅವನು ನೆಲದ ಮೇಲಿದ್ದಾನೆ. ವಿಮಾನ ಅವನತ್ತ ಮುಖ ಮಾಡಿ ಬರುವಾಗ ಕನ್ನಡಿಯೊಳಗಿನಂತೆ ಎಡ ಬಲಗಳು ಅದಲುಬದಲಾಗುತ್ತವೆ. ಟ್ರೈನರಿನಲ್ಲಿ ಗೊಂದಲವಾದರೆ ಕೈ ಬಿಟ್ಟರಾಯಿತು. ಎರಡನೆಯದರಲ್ಲಿ ಕೈ ಬಿಡುವಂತಿಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ಬದಲಾವಣೆಯಾಗಿದೆ. ಬೆರಳುಗುರಿನಷ್ಟು ಚಿಕ್ಕ ಸಂವೇದಕಗಳು ವಿಮಾನದ ವಾಲನ್ನು ಅಳೆದು ತಾವೇ ನೆಟ್ಟಗೆ ಮಾಡುತ್ತವೆ. ಬಾಲಂಗೋಚಿ ರೆಕ್ಕೆಯ ರೂಪದಿಂದ ಹೊರಟು ವಿದ್ಯುತ್ತಿನ ಮಂಡಲದೊಳಗೆ ಸೇರಿಕೊಂಡಿತು. ಗುಂಡಿಯೊಂದನ್ನು ಸರಿಸಿದರೆ ಉಂಟು, ಸರಿಸಿದರೆ ಇಲ್ಲ. ಸ್ಪಿಟ್‌ಫೈರ್ ಬೇಕೆನ್ನುವಾಗ ಮೊಮ್ಮಗನ ಕೊನೆಯ ವಾದವೂ ಇದೇ ಆಗಿತ್ತು. "ಅದು ಕಾಪಾಡುತ್ತೆ ತಾತ" ಎಂದ. "ಹಾಗಾದರೆ ಮತ್ತೆ ತಾನೇ ಹಾರಿಕೊಳ್ಳುತ್ತದಲ್ಲ, ನಿನ್ನ ದೂರು ಅದೇ ತಾನೆ?" ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ.

ಕೊನೆಗೆ ಬಂದದ್ದು ಕೆಳರೆಕ್ಕೆಯ, ಸಾದಾ ಪೆಟ್ಟಿಗೆ ಮೈಯ ವಿಮಾನ, ಆ ಸಂವೇದಕಗಳಿಲ್ಲದ್ದು. ಮೊದಲ ಸಲ ಹಾರಿಸುವ ದಿನ ನಾನೂ ಬಯಲಿಗೆ ಹೋಗಿದ್ದೆ. ಏರಿತು, ಎಡಕ್ಕೆ ವಾಲಿತು. ಹುಡುಗ ಅಭ್ಯಾಸಬಲದಿಂದ ಕೈ ಸಡಿಲಿಸಿದ. ಅದು ವಾಲಿದಂತೆಯೇ ಉಳಿದು, ಮೂತಿ ತಗ್ಗಿಸಿ ಮರಗಳ ಕಡೆಗೆ ಇಳಿಯತೊಡಗಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೈ ಚಾಚುವಷ್ಟರಲ್ಲಿ ಅವನೇ ಬಲಕ್ಕೆ ತಿದ್ದಿ, ಎತ್ತಿ, ಸುತ್ತು ಹಾಕಿಸಿ ತಂದ. ಇಳಿಯುವಾಗ ಎರಡು ಸಲ ಪುಟಿಯಿತು, ಆದರೆ ಮುರಿಯಲಿಲ್ಲ. "ತಾತ, ಅದು ತಾನಾಗಿ ಸರಿಹೋಗಲೇ ಇಲ್ಲ" ಎಂದ. ಕೈ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಮನೆಗೆ ಹೋಗೋಣವೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವನು ಬಗ್ಗಿ ಬ್ಯಾಟರಿ ಬದಲಿಸುತ್ತಿದ್ದ.

ಅವನ ಕೋಣೆಯ ಗೋಡೆಯ ಮೇಲೆ ಸ್ಪಿಟ್‌ಫೈರಿನ ಚಿತ್ರ ಇನ್ನೂ ಇದೆ.